ಮುಖ್ಯೋಪಾಧ್ಯಾಯರ ಹೊಣೆ ಎಷ್ಟು, ಅಧಿಕಾರ ಎಷ್ಟು?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಶಾಲೆಯ ಮುಖ್ಯಸ್ಥರ ಕೆಲಸವನ್ನೂ ಆ ಕೆಲಸವನ್ನು ರೂಪಿಸುವ ಶಿಕ್ಷಣ ನೀತಿಗಳನ್ನೂ ಕುರಿತು ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಬಾರಿ ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಹದಿನಾಲ್ಕು ವರ್ಷ ಗಣಿತ ಕಲಿಸಿದ ಮೇಲೆ ಕಳೆದ ವರ್ಷ ಮುಖ್ಯೋಪಾಧ್ಯಾಯಿನಿಯಾದೆ. ವರದಿ, ಅಂಕಿಅಂಶ, ಕಟ್ಟಡದ ದುರಸ್ತಿ, ಪೋಷಕರ ದೂರು, ಇಲಾಖೆಯ ಸಭೆ ಇವುಗಳಲ್ಲೇ ದಿನ ಮುಗಿಯುತ್ತದೆ. ತರಗತಿಗಳಿಗೆ ಹೋಗಬೇಕೆಂದು ವಾರದ ಆರಂಭದಲ್ಲಿ ನಿರ್ಧರಿಸುತ್ತೇನೆ; ವಾರದ ಕೊನೆಗೆ ನೋಡಿದರೆ ಹತ್ತಾರು ತರಗತಿಗಳ ಬಾಗಿಲಲ್ಲಿ ಎರಡೆರಡು ನಿಮಿಷ ನಿಂತು ಬಂದಿರುತ್ತೇನೆ, ಅಷ್ಟೆ. ಇದರಿಂದ ಪ್ರಯೋಜನವಿದೆಯೇ?

ಉತ್ತರ: ಬಾಗಿಲಲ್ಲಿ ನಿಂತು ನೋಡಿ ಬರುವುದರಿಂದ ಆಗುವ ಪ್ರಯೋಜನ ತೀರ ಕಡಿಮೆ. ಅಮೆರಿಕದ ಮಯಾಮಿ-ಡೇಡ್ ಜಿಲ್ಲೆಯಲ್ಲಿ ಸಂಶೋಧಕರು ಸುಮಾರು ನೂರು ಮುಖ್ಯೋಪಾಧ್ಯಾಯರ ಜೊತೆಯಲ್ಲೇ ಇಡೀ ದಿನ ಓಡಾಡಿ, ಅವರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎಂಬುದನ್ನು ಮೂರು ಶಾಲಾ ವರ್ಷಗಳಲ್ಲಿ ದಾಖಲಿಸಿಕೊಂಡಿದ್ದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಬೋಧನೆಗೆ ಸಂಬಂಧಿಸಿದ ಕೆಲಸಗಳಿಗೆ ಅವರಿಗೆ ಸಿಗುತ್ತಿದ್ದದ್ದು ದಿನದ ಎಂಟನೇ ಒಂದು ಭಾಗದಷ್ಟು ಸಮಯ ಮಾತ್ರ, ಅದರಲ್ಲೂ ದೊಡ್ಡ ಪಾಲು ನೀವು ಹೇಳುವಂಥ ಕಿರುಭೇಟಿಗಳಿಗೇ ಹೋಗುತ್ತಿತ್ತು. ಶಿಕ್ಷಕರಿಗೆ ಮಾರ್ಗದರ್ಶನ ನೀಡುವುದಕ್ಕೆ, ಅವರ ಬೋಧನೆಯನ್ನು ಕೂತು ಪರಿಶೀಲಿಸುವುದಕ್ಕೆ, ಶಾಲೆಯ ಪಾಠಕ್ರಮವನ್ನು ಕಟ್ಟುವುದಕ್ಕೆ ಮುಖ್ಯಸ್ಥರು ಹೆಚ್ಚು ಹೊತ್ತು ಕೊಟ್ಟ ಶಾಲೆಗಳಲ್ಲಿ ಮಕ್ಕಳ ಕಲಿಕೆ ಹೆಚ್ಚು ಬೆಳೆದಿತ್ತು. ಕಿರುಭೇಟಿಗಳೇ ಹೆಚ್ಚಾಗಿದ್ದಲ್ಲಿ, ಮುಖ್ಯವಾಗಿ ಪ್ರೌಢಶಾಲೆಗಳಲ್ಲಿ, ಬೆಳವಣಿಗೆ ಕಡಿಮೆಯಿತ್ತು.

ಕಿರುಭೇಟಿಯೇ ಕಲಿಕೆಯನ್ನು ಕೆಡಿಸಿತು ಎಂದು ಇದರಿಂದ ತೀರ್ಮಾನಿಸಬಾರದು. ಎರಡೂ ಒಟ್ಟಿಗೆ ಕಂಡುಬಂದವು ಎನ್ನುವಷ್ಟನ್ನೇ ಈ ಬಗೆಯ ಅಧ್ಯಯನ ಹೇಳಬಲ್ಲದು. ಆದರೂ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನೋಡಿಹೋದವರು ಮರುದಿನ ಏನನ್ನೂ ಮಾತಾಡದಿದ್ದರೆ ಶಿಕ್ಷಕರಿಗೆ ಆ ಭೇಟಿ ಕಾವಲಿನಂತೆ ತೋರುತ್ತದೆ, ನೆರವಿನಂತೆ ತೋರುವುದಿಲ್ಲ. ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮುಖ್ಯಸ್ಥರು ಮಾಡುವ ಎಲ್ಲ ಕೆಲಸಗಳ ಪೈಕಿ ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪರಿಣಾಮ ಬೀರಿದ್ದು ಶಿಕ್ಷಕರ ಕಲಿಕೆಯನ್ನು ಪ್ರೋತ್ಸಾಹಿಸಿ, ಅದರಲ್ಲಿ ತಾವೂ ಕಲಿಯುವವರಾಗಿ ಪಾಲ್ಗೊಳ್ಳುವುದು. ಕಚೇರಿಯಿಂದ ತರಬೇತಿಗೆ ಆದೇಶ ಹೊರಡಿಸುವುದಕ್ಕೂ ಶಿಕ್ಷಕರ ಜೊತೆ ಅದೇ ಬೆಂಚಿನಲ್ಲಿ ಕೂರುವುದಕ್ಕೂ ಇರುವ ಅಂತರ ಇದು.

ಆದ್ದರಿಂದ ಹತ್ತು ಬಾಗಿಲುಗಳನ್ನು ಬಿಟ್ಟು ಒಂದು ತರಗತಿಯನ್ನು ಆರಿಸಿಕೊಳ್ಳಿ. ವಾರಕ್ಕೆ ಇಬ್ಬರು ಶಿಕ್ಷಕರು ಸಾಕು. ಇಡೀ ಅವಧಿ ಹಿಂದಿನ ಸಾಲಿನಲ್ಲಿ ಕುಳಿತು, ಮಕ್ಕಳು ಏನು ಬರೆಯುತ್ತಿದ್ದಾರೆ ಎಂಬುದನ್ನು ನೋಡಿ, ಮರುದಿನದೊಳಗೆ ಆ ಶಿಕ್ಷಕರೊಡನೆ ಇಪ್ಪತ್ತು ನಿಮಿಷ ಮಾತಾಡಿ. ನೀವು ಗಣಿತದವರಾದ್ದರಿಂದ ಭಿನ್ನರಾಶಿಯ ಪಾಠದಲ್ಲಿ ಮಗು ಯಾವ ಹಂತದಲ್ಲಿ ತಪ್ಪಿತು ಎಂಬುದು ನಿಮಗೆ ಥಟ್ಟನೆ ಕಾಣುತ್ತದೆ. ಅದನ್ನು ಹೇಳುವ ಮೊದಲು ಆ ಶಿಕ್ಷಕರಿಗೆ ಏನು ಕಂಡಿತು ಎಂದು ಕೇಳಿ. ಈ ಗಂಟೆಗಳು ಶಾಲೆಯ ವೇಳಾಪಟ್ಟಿಯಲ್ಲೇ ಅಚ್ಚಾಗಿರಬೇಕು, ಆ ಹೊತ್ತಿನಲ್ಲಿ ಬಂದ ಪೋಷಕರಿಗೂ ದೂರವಾಣಿ ಕರೆಗೂ ಯಾರು ಉತ್ತರಿಸಬೇಕು ಎಂಬುದು ಮೊದಲೇ ಗೊತ್ತಿರಬೇಕು. ಇಲ್ಲವಾದರೆ ವಾರದ ಆರಂಭದ ನಿರ್ಧಾರ ವಾರದ ಕೊನೆಯವರೆಗೆ ಉಳಿಯುವುದಿಲ್ಲ.

ಆದರೆ ಈ ಹೊರೆಯನ್ನೆಲ್ಲ ನಿಮ್ಮ ಶಿಸ್ತಿನ ಮೇಲೆ ಹೊರಿಸುವುದು ಅನ್ಯಾಯ. ಇಂಗ್ಲೆಂಡಿನಲ್ಲಿ 1988ರ ಶಿಕ್ಷಣ ಸುಧಾರಣಾ ಕಾಯ್ದೆ ಬಜೆಟ್ಟನ್ನು ಸ್ಥಳೀಯ ಆಡಳಿತದಿಂದ ಶಾಲೆಗೆ ವರ್ಗಾಯಿಸಿದಾಗ ಅದನ್ನು ಸ್ವಾಯತ್ತತೆ ಎಂದು ಕರೆದರು. ಅದು ಸ್ವಾಯತ್ತತೆಯೇ ಹೌದು; ಆದರೆ ಹಣದ ಜೊತೆಗೆ ಲೆಕ್ಕಪತ್ರ, ಗುತ್ತಿಗೆ, ನೇಮಕಾತಿಗಳೂ ಮುಖ್ಯಸ್ಥರ ಮೇಜಿಗೆ ಬಂದವು. ಲೆಕ್ಕಪತ್ರ ನೋಡಿಕೊಳ್ಳುವ ಸಿಬ್ಬಂದಿಯನ್ನು ಕೊಡದೆ ಅಧಿಕಾರವನ್ನಷ್ಟೇ ಕೊಡುವ ನೀತಿ ಮುಖ್ಯಸ್ಥರನ್ನು ತರಗತಿಯಿಂದ ಇನ್ನಷ್ಟು ದೂರ ಮಾಡುತ್ತದೆ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳನ್ನು ಬಿಟ್ಟು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. ಆದರೆ ಶಿಕ್ಷಣದ ಹೆಸರಿನಲ್ಲೇ ಬರುವ ಕಾಗದದ ಕೆಲಸಕ್ಕೆ ಅಂಥ ಗಡಿಯಿಲ್ಲ. ಎರಡು ವಾರ ನಿಮ್ಮಿಂದ ಯಾರು, ಯಾವ ಮಾಹಿತಿಯನ್ನು, ಎಷ್ಟು ಸಲ ಕೇಳಿದರು ಎಂದು ಬರೆದಿಡಿ. ಅಕ್ಕಪಕ್ಕದ ನಾಲ್ಕು ಶಾಲೆಗಳ ಮುಖ್ಯಸ್ಥರೂ ಹಾಗೆಯೇ ಬರೆದು, ಒಂದೇ ಅಂಕಿಯನ್ನು ಬೇರೆ ಬೇರೆ ನಮೂನೆಗಳಲ್ಲಿ ಕೇಳಿದ ನಿದರ್ಶನಗಳನ್ನು ಒಟ್ಟಾಗಿ ಇಲಾಖೆಯ ಮುಂದಿಟ್ಟರೆ, ಒಬ್ಬರೇ ಹೇಳಿಕೊಳ್ಳುವ ದೂರಿಗಿಂತ ಅದಕ್ಕೆ ಹೆಚ್ಚು ತೂಕ ಬರುತ್ತದೆ.

ಪ್ರಶ್ನೆ: ಪರೀಕ್ಷಾ ಫಲಿತಾಂಶ ಸತತವಾಗಿ ಕುಸಿದ ಶಾಲೆಗಳ ಮುಖ್ಯೋಪಾಧ್ಯಾಯರನ್ನು ಬದಲಾಯಿಸಬೇಕೆಂಬ ಪ್ರಸ್ತಾವ ನಮ್ಮಲ್ಲಿ ಚರ್ಚೆಯಲ್ಲಿದೆ. ಪೋಷಕನಾದ ನನಗೆ ಇದು ಸರಿಯೆನಿಸುತ್ತದೆ, ಏಕೆಂದರೆ ಹೊಣೆಗಾರಿಕೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಶಿಕ್ಷಕರಾಗಿರುವ ಸ್ನೇಹಿತರು ಇದನ್ನು ವಿರೋಧಿಸುತ್ತಾರೆ. ಯಾರು ಸರಿ?

ಉತ್ತರ: ಹೊಣೆಗಾರಿಕೆ ಬೇಕೆಂಬ ನಿಮ್ಮ ಮಾತು ಸರಿ. ಒಂದೇ ಅಂಕಿಯಿಂದ ಅದನ್ನು ಅಳೆಯಬಹುದೆಂಬ ಊಹೆ ಸರಿಯಲ್ಲ, ಮತ್ತು ಈ ಎರಡನೆಯದರ ಬಗ್ಗೆ ನಮಗೆ ಸಾಕಷ್ಟು ಕಹಿ ಅನುಭವ ಲಭ್ಯವಿದೆ.

ಅಮೆರಿಕದಲ್ಲಿ 1966ರಲ್ಲಿ ಪ್ರಕಟವಾದ ಕೋಲ್ಮನ್ ವರದಿ ಆರು ಲಕ್ಷದಷ್ಟು ಮಕ್ಕಳನ್ನು ಒಳಗೊಂಡಿತ್ತು. ಮಕ್ಕಳ ಸಾಧನೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಶಾಲೆಯ ಕಟ್ಟಡ, ಖರ್ಚುಗಳಿಗಿಂತ ಮನೆಯ ಹಿನ್ನೆಲೆ ಬಹುಪಾಲು ಹೆಚ್ಚು ಕಾರಣ ಎಂದು ಅದು ತೋರಿಸಿತು. ಶಾಲೆಗೆ ಬೆಲೆಯೇ ಇಲ್ಲ ಎಂದು ಇದಕ್ಕೆ ಅರ್ಥವಲ್ಲ. ಬಡತನದ ನಡುವಿನ ಶಾಲೆಯೊಂದರ ಸರಾಸರಿ ಅಂಕ ಕಡಿಮೆಯಿದ್ದರೆ ಅದು ಮುಖ್ಯಸ್ಥರ ಸೋಲನ್ನು ಹೇಳುತ್ತಿದೆಯೋ ಮಕ್ಕಳ ಮನೆಯ ಸ್ಥಿತಿಯನ್ನು ಹೇಳುತ್ತಿದೆಯೋ ಎಂಬುದು ಆ ಅಂಕಿಯೊಂದರಿಂದ ತಿಳಿಯುವುದಿಲ್ಲ ಎಂದಷ್ಟೇ ಅರ್ಥ.

ಇಷ್ಟು ತಿಳಿದಿದ್ದರೂ ಅದೇ ದೇಶ 2002ರಲ್ಲಿ ‘ಯಾವ ಮಗುವೂ ಹಿಂದುಳಿಯಬಾರದು’ ಎಂಬ ಆಶಯದ ಹೆಸರನ್ನೇ ಹೊತ್ತ ಕಾನೂನನ್ನು ಜಾರಿಗೆ ತಂದು, 2014ರ ಹೊತ್ತಿಗೆ ಪ್ರತಿಯೊಂದು ಮಗುವೂ ಓದು ಮತ್ತು ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕೆಂದು ಆದೇಶಿಸಿತು. ಗುರಿ ತಪ್ಪುತ್ತ ಹೋದ ಶಾಲೆಗಳಿಗೆ ಹಂತಹಂತವಾಗಿ ಶಿಕ್ಷೆಗಳಿದ್ದವು. ಆ ಕಾನೂನಿನ ಒಳ್ಳೆಯ ಪಾಲನ್ನೂ ಹೇಳಬೇಕು: ಬಡ ಮಕ್ಕಳ, ಕಪ್ಪು ಸಮುದಾಯದ ಮಕ್ಕಳ, ಅಂಗವೈಕಲ್ಯವುಳ್ಳ ಮಕ್ಕಳ ಫಲಿತಾಂಶವನ್ನು ಬೇರೆಬೇರೆಯಾಗಿ ಪ್ರಕಟಿಸಲೇಬೇಕಾಗಿ ಬಂದದ್ದರಿಂದ, ಒಳ್ಳೆಯ ಸರಾಸರಿಯ ಮರೆಯಲ್ಲಿ ಅವರನ್ನು ಅಡಗಿಸಿಡುವುದು ಶಾಲೆಗಳಿಗೆ ಕಷ್ಟವಾಯಿತು. ಆದರೆ ನೂರಕ್ಕೆ ನೂರು ಎಂಬ ಗುರಿಯನ್ನು ಯಾರೂ ಮುಟ್ಟಲಾಗಲಿಲ್ಲ. ಕೆಲವು ರಾಜ್ಯಗಳು ಉತ್ತೀರ್ಣತೆಯ ಮಟ್ಟವನ್ನೇ ಇಳಿಸಿದವು. ಅನೇಕ ಶಾಲೆಗಳಲ್ಲಿ ಪರೀಕ್ಷೆಯಿಲ್ಲದ ಇತಿಹಾಸ, ಕಲೆ, ಸಂಗೀತದ ಅವಧಿಗಳು ಕರಗಿದವು. 2015ರ ಡಿಸೆಂಬರ್‌ನಲ್ಲಿ ಆ ಕಾನೂನಿನ ಜಾಗಕ್ಕೆ ಬೇರೊಂದು ಬಂದಿತು.

ಒತ್ತಡ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದಕ್ಕೆ ಅಟ್ಲಾಂಟಾ ನಗರದ ಪ್ರಕರಣ ಸಾಕ್ಷಿ. ಮಕ್ಕಳ ಉತ್ತರಪತ್ರಿಕೆಗಳಲ್ಲಿ ತಪ್ಪು ಉತ್ತರಗಳನ್ನು ಅಳಿಸಿ ಸರಿ ಉತ್ತರಗಳನ್ನು ಗುರುತು ಮಾಡಲಾಗಿತ್ತೆಂದು 2011ರ ರಾಜ್ಯ ತನಿಖೆ ಹೇಳಿತು. 44 ಶಾಲೆಗಳ 178 ಮಂದಿಯ ಮೇಲೆ ಅದು ಬೆರಳು ತೋರಿಸಿತು, ಅವರಲ್ಲಿ 38 ಮಂದಿ ಮುಖ್ಯೋಪಾಧ್ಯಾಯರು. ತಪ್ಪು ಮಾಡಿದವರನ್ನು ನಾನು ಸಮರ್ಥಿಸುತ್ತಿಲ್ಲ. ಕಲಿಯದ ಮಗುವನ್ನು ಕಲಿತಿದೆ ಎಂದು ದಾಖಲೆಯಲ್ಲಿ ಬರೆದದ್ದರಿಂದ, ಆ ಮಗುವಿಗೆ ಸಿಗಬೇಕಾಗಿದ್ದ ವಿಶೇಷ ನೆರವೇ ತಪ್ಪಿಹೋಯಿತು ಎಂಬ ವಿಷಯ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು: ಯಾವುದಾದರೂ ಅಂಕಿಯ ಮೇಲೆ ನಿರ್ಧಾರಗಳು ಹೆಚ್ಚು ಹೆಚ್ಚು ನಿಂತಷ್ಟೂ ಆ ಅಂಕಿ ಕೆಡುತ್ತದೆ, ಅದು ಅಳೆಯಬೇಕಾದ ಕೆಲಸವನ್ನೂ ಕೆಡಿಸುತ್ತದೆ.

ಇಂಗ್ಲೆಂಡ್ ಬೇರೆ ದಾರಿ ಹಿಡಿದಿತ್ತು. 1992ರಲ್ಲಿ ಸ್ಥಾಪನೆಯಾದ ಆಫ್‌ಸ್ಟೆಡ್ ಎಂಬ ಪರಿವೀಕ್ಷಣಾ ಸಂಸ್ಥೆ ಶಾಲೆಗೆ ಭೇಟಿ ಕೊಟ್ಟು, ಅನೇಕ ಅಂಶಗಳನ್ನು ನೋಡಿದ ಮೇಲೂ ಕೊನೆಯಲ್ಲಿ ಇಡೀ ಶಾಲೆಯನ್ನು ಒಂದೆರಡು ಪದಗಳ ದರ್ಜೆಗೆ ಇಳಿಸುತ್ತಿತ್ತು. 2023ರ ಜನವರಿಯಲ್ಲಿ ಮುಖ್ಯೋಪಾಧ್ಯಾಯಿನಿಯೊಬ್ಬರು ಅಂಥದೊಂದು ಪರಿವೀಕ್ಷಣೆಯ ನಂತರ ಪ್ರಾಣ ಕಳೆದುಕೊಂಡರು. ಆ ಸಾವಿಗೆ ಪರಿವೀಕ್ಷಣೆಯೂ ಕಾರಣವಾಗಿತ್ತೆಂದು ವಿಚಾರಣಾಧಿಕಾರಿ ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರ್ಮಾನಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಅನುದಾನದ ಶಾಲೆಗಳಿಗೆ ಒಟ್ಟಾರೆ ದರ್ಜೆ ಕೊಡುವ ಪದ್ಧತಿಯನ್ನು ಕೈಬಿಡಲಾಯಿತು. ಪರಿವೀಕ್ಷಣೆ ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಹಲವು ಪುಟಗಳ ವರದಿಯನ್ನು ಯಾರೂ ಓದದಂತೆ ಮಾಡುತ್ತಿದ್ದ ಆ ಪದವಷ್ಟೇ ಹೋಯಿತು.

ಫಿನ್ಲೆಂಡ್ 1990ರ ದಶಕದ ಆರಂಭದಲ್ಲಿ ಶಾಲಾ ಪರಿವೀಕ್ಷಣೆಯನ್ನೇ ರದ್ದುಮಾಡಿತಲ್ಲ, ನಾವೂ ಹಾಗೆಯೇ ಮಾಡಬಾರದೇಕೆ ಎಂದು ನಿಮ್ಮ ಸ್ನೇಹಿತರು ಕೇಳಬಹುದು. ಅಲ್ಲಿ 1970ರ ದಶಕದ ಕೊನೆಯಿಂದಲೇ ಶಾಲಾ ಶಿಕ್ಷಕರಾಗಲು ಸ್ನಾತಕೋತ್ತರ ಪದವಿ ಬೇಕು. ಆ ತಯಾರಿಯನ್ನು ಬಿಟ್ಟು ಪರಿವೀಕ್ಷಣೆಯ ರದ್ದತಿಯನ್ನು ಮಾತ್ರ ಎರವಲು ತರುವುದು ದುರ್ಬಲ ಮಕ್ಕಳಿಗೇ ಹಾನಿ.

ಹಾಗಾದರೆ ಮುಖ್ಯಸ್ಥರನ್ನು ಯಾವುದರಿಂದ ಅಳೆಯಬೇಕು? ಮಕ್ಕಳು ಈ ಶಾಲೆಗೆ ಬಂದಾಗ ಎಲ್ಲಿದ್ದರು, ಎರಡು ಮೂರು ವರ್ಷಗಳಲ್ಲಿ ಎಲ್ಲಿಗೆ ತಲುಪಿದರು ಎಂಬುದನ್ನು ನೋಡಬೇಕು. ಹಾಜರಾತಿ ಸುಧಾರಿಸಿದೆಯೇ, ನಡುವೆ ಶಾಲೆ ಬಿಟ್ಟವರನ್ನು ಯಾರಾದರೂ ಹುಡುಕಿಕೊಂಡು ಹೋದರೇ, ಒಳ್ಳೆಯ ಶಿಕ್ಷಕರು ಉಳಿಯುತ್ತಿದ್ದಾರೋ ಬಿಟ್ಟುಹೋಗುತ್ತಿದ್ದಾರೋ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಏಕೆಂದರೆ ಮುಖ್ಯಸ್ಥರು ಮಗುವನ್ನು ಮುಟ್ಟುವುದು ಬಹುತೇಕ ಶಿಕ್ಷಕರ ಮೂಲಕವೇ. ಇನ್ನೊಂದು ಮಾತನ್ನು ನೀವು ಪ್ರಸ್ತಾವದ ಚರ್ಚೆಯಲ್ಲಿ ಎತ್ತಬೇಕು: ಶಿಕ್ಷಕರನ್ನು ಆರಿಸುವ, ಖಾಲಿ ಹುದ್ದೆ ತುಂಬಿಸುವ, ಸ್ವಲ್ಪವಾದರೂ ಹಣವನ್ನು ಶಾಲೆಯ ಅಗತ್ಯಕ್ಕೆ ತಿರುಗಿಸುವ ಅಧಿಕಾರ ಮುಖ್ಯಸ್ಥರಿಗೆ ಇದೆಯೇ? ಅದಿಲ್ಲದೆ ಫಲಿತಾಂಶದ ಹೊಣೆ ಮಾತ್ರ ಅವರ ಮೇಲೆ ಬಿದ್ದರೆ, ಅದು ಹೊಣೆಗಾರಿಕೆಯಲ್ಲ, ದೂರಲು ಒಬ್ಬರನ್ನು ಹುಡುಕಿಕೊಂಡಂತೆ.

ಪ್ರಶ್ನೆ: ಐದು ವರ್ಷದಲ್ಲಿ ನಮ್ಮ ಶಾಲೆಗೆ ನಾಲ್ಕನೇ ಮುಖ್ಯಸ್ಥರು ಬಂದಿದ್ದಾರೆ. ಪ್ರತಿಯೊಬ್ಬರೂ ಹೊಸ ಯೋಜನೆ ತರುತ್ತಾರೆ. ಶಿಕ್ಷಕರಾದ ನಾವು ಏನು ಮಾಡಬಹುದು?

ಉತ್ತರ: ವರ್ಗಾವಣೆಯ ನೀತಿ ನಿಮ್ಮ ಕೈಯಲ್ಲಿಲ್ಲ, ನೆನಪು ನಿಮ್ಮ ಕೈಯಲ್ಲಿದೆ. ಮುಖ್ಯಸ್ಥರು ಪದೇಪದೇ ಬದಲಾಗುವ ಶಾಲೆಗಳಲ್ಲಿ ಸಾಮಾನ್ಯವಾಗಿ ಕಲಿಕೆಯೂ ಕುಗ್ಗುತ್ತದೆ, ಶಿಕ್ಷಕರೂ ಹೆಚ್ಚಾಗಿ ಬಿಟ್ಟುಹೋಗುತ್ತಾರೆ ಎಂಬುದನ್ನು ಸಂಶೋಧನೆಗಳು ತೋರಿಸಿವೆ. ಸಿಂಗಪುರದಲ್ಲಿಯೂ ಮುಖ್ಯಸ್ಥರನ್ನು ಶಾಲೆಯಿಂದ ಶಾಲೆಗೆ ಕಳಿಸುತ್ತಾರೆ, ಆದರೆ ಹಲವು ವರ್ಷ ಒಂದೆಡೆ ಇದ್ದ ಮೇಲೆ, ಮುಂಚಿತವಾಗಿ ತಿಳಿಸಿ. ನಿಮ್ಮ ಶಾಲೆಯಲ್ಲಿ ಹಿರಿಯ ಶಿಕ್ಷಕರು ಕೂಡಿ, ಈಗ ಏನು ನಡೆಯುತ್ತಿದೆ, ಯಾವುದು ಫಲ ಕೊಟ್ಟಿದೆ, ಯಾವುದನ್ನು ಅರ್ಧಕ್ಕೆ ನಿಲ್ಲಿಸಿದರೆ ಯಾವ ತರಗತಿಗೆ ನಷ್ಟ ಎಂಬುದನ್ನು ನಾಲ್ಕು ಪುಟಗಳಲ್ಲಿ ಬರೆದಿಟ್ಟು, ಹೊಸಬರು ಬಂದ ಮೊದಲ ವಾರದಲ್ಲೇ ಕೊಡಿ. ಒಳ್ಳೆಯ ಮುಖ್ಯಸ್ಥರು ಅದನ್ನು ಕೃತಜ್ಞತೆಯಿಂದ ಓದುತ್ತಾರೆ.

ಪ್ರಶ್ನೆ: ನಾನು ಉಪ ಮುಖ್ಯಸ್ಥೆ. ಜ್ಯೇಷ್ಠತೆಯ ಆಧಾರದ ಮೇಲೆ ಇನ್ನೆರಡು ವರ್ಷಕ್ಕೆ ಬಡ್ತಿ ಸಿಗಲಿದೆ. ಒಳ್ಳೆಯ ಶಿಕ್ಷಕರಾಗಿದ್ದರೆ ಸಾಲದೇ? ಬೇರೆ ತರಬೇತಿ ನಿಜಕ್ಕೂ ಬೇಕೇ?

ಉತ್ತರ: ಸಾಲದು. ಚೆನ್ನಾಗಿ ಕಲಿಸುವುದು ಬೇರೆ, ಹೊಣೆಗೆ ಹಿಂಜರಿಯುವ ಹಿರಿಯ ಶಿಕ್ಷಕರೊಬ್ಬರ ಜೊತೆ ಕಷ್ಟದ ಮಾತನ್ನು ಗೌರವದಿಂದ ಆಡುವುದು ಬೇರೆ. ಎರಡನೆಯದು ತಾನಾಗಿ ಬರುವುದಿಲ್ಲ. ಸಿಂಗಪುರ ಇದನ್ನು ಅರಿತು, ಆಯ್ಕೆಯಾದವರಿಗೆ ಹುದ್ದೆಗೆ ಮೊದಲೇ ಹಲವು ತಿಂಗಳ ಪೂರ್ಣಾವಧಿ ತರಬೇತಿ ಕೊಡುತ್ತದೆ. ಸ್ಕಾಟ್ಲೆಂಡಿನಲ್ಲಿ 2020ರ ಆಗಸ್ಟ್‌ನಿಂದ ಖಾಯಂ ಮುಖ್ಯಸ್ಥರಾಗಲು ನಿಗದಿತ ಅರ್ಹತೆ ಕಡ್ಡಾಯ. ಇಂಗ್ಲೆಂಡ್ ಇದೇ ಬಗೆಯ ಅರ್ಹತೆಯನ್ನು 2009ರಲ್ಲಿ ಕಡ್ಡಾಯ ಮಾಡಿ 2012ರಲ್ಲಿ ಐಚ್ಛಿಕಗೊಳಿಸಿತು. ಅದು ಹಿಂದಿಟ್ಟ ಹೆಜ್ಜೆ ಎಂದೇ ನನ್ನ ಅಭಿಪ್ರಾಯ.

ನಿಮಗೆ ಅಂಥ ತರಬೇತಿ ಸಿಗದಿದ್ದರೂ ಎರಡು ವರ್ಷ ಕೈಯಲ್ಲಿದೆ. ಈಗಿನ ಮುಖ್ಯಸ್ಥರ ಅನುಮತಿ ಪಡೆದು ಮುಂದಿನ ವರ್ಷದ ವೇಳಾಪಟ್ಟಿಯನ್ನೂ ಬಜೆಟ್ಟನ್ನೂ ಅವರ ಜೊತೆ ಕೂತು ನೀವೇ ಸಿದ್ಧಪಡಿಸಿ. ಯಾವ ತರಗತಿಗೆ ಯಾವ ಶಿಕ್ಷಕರು ಎಂಬ ನಿರ್ಧಾರ ಹೇಗಾಗುತ್ತದೆ, ಅತಿ ದುರ್ಬಲ ಮಕ್ಕಳ ತರಗತಿ ಪ್ರತಿ ವರ್ಷ ಹೊಸ ಶಿಕ್ಷಕರ ಪಾಲಿಗೇ ಏಕೆ ಬೀಳುತ್ತದೆ ಎಂಬುದನ್ನು ಅಲ್ಲಿ ಗಮನಿಸಿ, ಮತ್ತು ಈ ಸಲ ಅದನ್ನು ಬದಲಾಯಿಸಬಹುದೇ ಎಂದು ಅವರನ್ನು ಕೇಳಿ.