ಪ್ರಶಸ್ತಿ ಸಿಗುವಂಥ ಗ್ರೀನ್ ಕೆಮಿಸ್ಟ್ರಿ ವಿಷಯ ಯಾವುದು?

ಎಂಎಸ್ಸಿ ಮುಗೀತಾ ಬಂತು, ಗ್ರೀನ್ ಕೆಮಿಸ್ಟ್ರಿಗೆ (ಕಸ, ವಿಷ ಕಡಿಮೆ ಆಗುವಂತೆ ಮಾಡುವ ರಸಾಯನಶಾಸ್ತ್ರಕ್ಕೆ) ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜಾನ್ ವಾರ್ನರ್ ಬಗ್ಗೆ ಓದಿದ್ದೀರಿ, ಅವರ ಹಾಗೆ ಹೆಸರು, ಪ್ರಶಸ್ತಿ ತರುವಂಥ ಪಿಎಚ್‌ಡಿ ವಿಷಯ ಹೇಳಿ ಅಂದಿದ್ದೀರಿ. ಹನ್ನೊಂದು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಓಡಾಡುತ್ತಿದ್ದೆ. ವಿಷಯ ಸಿಕ್ಕಿತು ಕೂಡ: ನೀರಿನಲ್ಲಿ ರಿಯಾಕ್ಷನ್.

ಡೈಕ್ಲೋರೋಮೀಥೇನ್ ಅನ್ನುವ ವಿಷಕಾರಿ ಸಾಲ್ವೆಂಟ್ (ಕರಗಿಸುವ ದ್ರವ) ಬದಲು ನೀರು, ರಿಯಾಕ್ಷನ್ ಚುರುಕು ಮಾಡಲು ಚಿಟಿಕೆ ಕ್ಯಾಟಲಿಸ್ಟ್, 80 ಡಿಗ್ರಿ, ಮೂರು ಗಂಟೆ. ಮಿಶ್ರಣದಲ್ಲಿ ಏನೇನಿದೆ ಅಂತ ಚುಕ್ಕೆಗಳಲ್ಲಿ ತೋರಿಸುವ ಟಿಎಲ್‌ಸಿ ಪರೀಕ್ಷೆಯಲ್ಲಿ ಪ್ರಾಡಕ್ಟ್ ಚುಕ್ಕೆ ದಪ್ಪಗೆ ಬರುತ್ತಿತ್ತು, ಅದರ ಕೆಳಗೆ ಇನ್ನೆರಡು ಸಣ್ಣ ಚುಕ್ಕೆ, ಅಂದರೆ ಬೇಡದ ವಸ್ತುಗಳು. ನಾಲ್ಕು ವರ್ಷಕ್ಕೆ ಮೂರು ಪೇಪರ್ ಆದವು, ಮೂರರ ಹೆಸರಲ್ಲೂ 'ಗ್ರೀನ್' ಇತ್ತು. ಒಂದು ಪೋಸ್ಟರ್‌ಗೆ ಬಹುಮಾನವೂ ಬಂತು. ತಲೆ ತಿರುಗದೆ ಇರುತ್ತಾ?

ಆಮೇಲೆ ಬೆಂಗಳೂರಿನ ಆಚೆ ಒಂದು ಔಷಧ ಕಂಪನಿಯಲ್ಲಿ ಇಂಟರ್‌ವ್ಯೂ. ಎದುರಿಗೆ ಪ್ಲಾಂಟ್‌ನಲ್ಲೇ ಕೂದಲು ನರೆತ ಒಬ್ಬರು. ಹತ್ತು ನಿಮಿಷ ಸುಮ್ನೆ ಕೇಳಿಸಿಕೊಂಡರು.

"ಕೊನೇಲಿ ಪ್ರಾಡಕ್ಟ್ ಹೇಗೆ ತೆಗೆದ್ರಿ?"

"ಕಾಲಮ್ ಹಾಕಿ, ಸರ್."

"ಸರಿ. ಲೆಕ್ಕ ಹಾಕಿ," ಅಂತ ಒಂದು ಖಾಲಿ ಹಾಳೆ ತಳ್ಳಿದರು.

ಆ ಹಾಳೆ ಇವತ್ತಿಗೂ ಕಣ್ಮುಂದೆ ಇದೆ. ನನ್ನ ಪ್ರಾಡಕ್ಟ್ 1.2 ಗ್ರಾಂ. ಅದನ್ನು ನೀರಿನಿಂದ ಎಳೆಯಲು ಎಥೈಲ್ ಅಸಿಟೇಟ್ ಅನ್ನುವ ಸಾಲ್ವೆಂಟ್ 50 ಎಂಎಲ್‌ನಂತೆ ಮೂರು ಸಲ, ಅಂದರೆ ಸುಮಾರು 135 ಗ್ರಾಂ. ಒಣಗಿಸಲು ಸೋಡಿಯಂ ಸಲ್ಫೇಟ್ 15 ಗ್ರಾಂ. ಕಾಲಮ್ ಅಂದರೆ ಸಿಲಿಕಾ ಪುಡಿ ತುಂಬಿದ ಗಾಜಿನ ಕೊಳವೆ, ಮೇಲಿಂದ ಸಾಲ್ವೆಂಟ್ ಸುರಿದರೆ ವಸ್ತುಗಳು ಬೇರೆ ಬೇರೆ ಆಗಿ ಇಳಿಯುತ್ತವೆ; ಆ ಎರಡು ಸಣ್ಣ ಚುಕ್ಕೆ ಬೇರೆ ಮಾಡಲು ಅದಕ್ಕೆ ಸಿಲಿಕಾ 60 ಗ್ರಾಂ. ಕಾಲಮ್ ಮೇಲೆ ಸುರಿದ ಹೆಕ್ಸೇನ್ ಮಿಶ್ರಣ 800 ಎಂಎಲ್, ತೂಕದಲ್ಲಿ 560 ಗ್ರಾಂ. ಕೂಡಿಸಿದರೆ 770. ಅದನ್ನು 1.2ರಿಂದ ಭಾಗಿಸಿದರೆ 640 ಚಿಲ್ಲರೆ. ಇದಕ್ಕೇ ಇ ಫ್ಯಾಕ್ಟರ್ ಅನ್ನುವುದು, ಒಂದು ಕೆಜಿ ಮಾಲಿಗೆ ಎಷ್ಟು ಕೆಜಿ ಕಸ ಅಂತ. ರಸಾಯನಶಾಸ್ತ್ರಜ್ಞ ರೋಜರ್ ಶೆಲ್ಡನ್ 1992ರಲ್ಲಿ ಕೊಟ್ಟ ಲೆಕ್ಕ. ಕೆಜಿಗೆ ಅತಿ ಜಾಸ್ತಿ ಕಸ ಮಾಡುವ ಔಷಧ ಉದ್ಯಮಕ್ಕೇ ಅವರು ಹಾಕಿದ ಅಂಕಿ 25ರಿಂದ 100ರ ಮೇಲೆ. ನನ್ನದು 640, ಅದೂ ನೀರನ್ನು ಲೆಕ್ಕಕ್ಕೆ ಹಿಡಿಯದೆ! ಹೌದು, ಲ್ಯಾಬ್‌ನ ಸಣ್ಣ ಬ್ಯಾಚ್‌ನಲ್ಲಿ ಅಂಕಿ ಜಾಸ್ತಿಯೇ ಬರುತ್ತೆ, ಪ್ಲಾಂಟ್‌ಗೆ ಹೋಲಿಸುವುದು ಪೂರ್ತಿ ನ್ಯಾಯ ಅಲ್ಲ. ಆದರೆ ನಾನು ಒಂದು ಸಲವೂ ತೂಗಿ ನೋಡಿರಲಿಲ್ಲ. ಫ್ಲಾಸ್ಕ್ ಒಳಗೆ ನೀರಿದೆ ತಾನೇ, ಗ್ರೀನ್ ಅಂದುಕೊಂಡಿದ್ದೆ. ಫ್ಲಾಸ್ಕ್‌ನಿಂದ ಹೊರಗೆ ಬಂದ ಮೇಲೆ ನಡೆದದ್ದೆಲ್ಲ ನನಗೆ ಬರೀ 'ವರ್ಕಪ್' ಆಗಿತ್ತು. ಕಾಲಮ್ ಇಲ್ಲದೆ, ತಣ್ಣಗಾದಾಗ ತಾನೇ ಹರಳುಗಟ್ಟುವಂಥ ಪ್ರಾಡಕ್ಟ್ ಹುಡುಕಿದ್ದರೆ ಆರು ತಿಂಗಳು ಜಾಸ್ತಿ ಹಿಡಿಯುತ್ತಿತ್ತು, ಪೇಪರ್ ಒಂದು ಕಡಿಮೆ ಆಗುತ್ತಿತ್ತು, ಅಷ್ಟೆ.

ಆ ಕೆಲಸ ಸಿಗಲಿಲ್ಲ. ಎರಡು ವರ್ಷ ಕಾಲೇಜಲ್ಲಿ ಗೆಸ್ಟ್ ಲೆಕ್ಚರರ್ ಆಗಿದ್ದೆ.

ವಾರ್ನರ್ ವಿಷಯಕ್ಕೆ ಬರೋಣ. ಕೈಗಾರಿಕಾ ರಸಾಯನಶಾಸ್ತ್ರಕ್ಕೆ ಅಮೆರಿಕದಲ್ಲಿ ಕೊಡುವ ಪರ್ಕಿನ್ ಪದಕ (2014), ರಸಾಯನಶಾಸ್ತ್ರಜ್ಞ ಪಾಲ್ ಅನಾಸ್ಟಸ್ ಜತೆ 1998ರಲ್ಲಿ ಬರೆದ ಗ್ರೀನ್ ಕೆಮಿಸ್ಟ್ರಿಯ 12 ಸೂತ್ರಗಳ ಪುಸ್ತಕ, ಇವಷ್ಟೇ ನಿಮ್ಮ ಕಣ್ಣಿಗೆ ಬಿದ್ದಿವೆ. ಅದಕ್ಕೆ ಮುಂಚೆ ಆ ಮನುಷ್ಯ ಪೋಲರಾಯ್ಡ್ ಕಂಪನಿಯಲ್ಲಿ ಫೋಟೋ ಫಿಲ್ಮ್‌ಗಳ ಮೇಲೆ ಕೆಲಸ ಮಾಡಿದವರು. ಅವರ ಮಗ, ಹುಟ್ಟಿನಿಂದಲೇ ಪಿತ್ತನಾಳದ ತೊಂದರೆ ಇದ್ದ ಕೂಸು, ಎರಡು ವರ್ಷಕ್ಕೇ ತೀರಿಕೊಂಡಿತು. ಲ್ಯಾಬ್‌ನಲ್ಲಿ ನಾನು ಮುಟ್ಟಿದ ಯಾವುದಾದರೂ ಕೆಮಿಕಲ್‌ನಿಂದ ಹೀಗಾಯಿತಾ ಅಂತ ಅವರು ಯೋಚಿಸಿದರು. ಉತ್ತರ ಸಿಗಲಿಲ್ಲ. ಆದರೆ ಇಷ್ಟು ಓದಿಯೂ ಯಾವ ವಸ್ತು ಏಕೆ ವಿಷ ಅಂತ ಯಾರೂ ತನಗೆ ಕಲಿಸಿರಲಿಲ್ಲ ಅನ್ನುವುದು ಆಗ ಹೊಳೆಯಿತು. ಆಮೇಲೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಬೋಸ್ಟನ್ ಕ್ಯಾಂಪಸ್‌ನಲ್ಲಿ ಗ್ರೀನ್ ಕೆಮಿಸ್ಟ್ರಿಗೇ ಅಂತ ಪಿಎಚ್‌ಡಿ ಶುರು ಮಾಡಿದರು. ಪ್ರಶಸ್ತಿ ಸಿಗುವ ವಿಷಯ ಯಾವುದು ಅಂತ ಇಂಥವರು ಹುಡುಕಿಕೊಂಡು ಹೋಗಿದ್ದರು ಅನ್ನಿಸುತ್ತಾ ನಿಮಗೆ?

ಅಮೆರಿಕ ಸರ್ಕಾರದ ಗ್ರೀನ್ ಕೆಮಿಸ್ಟ್ರಿ ಪ್ರಶಸ್ತಿ 1997ರಲ್ಲಿ ಐಬುಪ್ರೊಫೆನ್‌ಗೆ ಬಂತು. ಹೌದು, ಅದೇ ನೋವಿನ ಮಾತ್ರೆ. ಆರು ಹಂತದ ಹಳೇ ದಾರಿಯನ್ನು ಮೂರಕ್ಕೆ ಇಳಿಸಿದ್ದರು. ಹಾಕಿದ ಪರಮಾಣುಗಳಲ್ಲಿ ಸುಮಾರು 40 ಪರ್ಸೆಂಟ್ ಮಾತ್ರ ಮಾತ್ರೆಗೆ ಸೇರುತ್ತಿತ್ತು, ಅದು 77ಕ್ಕೆ ಏರಿತು. ಹಳೇ ಮಾಲು, ಹೊಸ ಲೆಕ್ಕ. ಹೊಸ ವಿಷಯ ಎಲ್ಲಿದೆ ಅದರಲ್ಲಿ?

ಹಾಗಾಗಿ 'ಗ್ರೀನ್' ಅನ್ನುವ ಬೋರ್ಡ್ ನೋಡಿ ಸೇರಬೇಡಿ. ಆರ್ಗ್ಯಾನಿಕ್ ಆಗಲಿ, ಕ್ಯಾಟಲಿಸಿಸ್ ಆಗಲಿ, ಕೈ ಪಳಗುವ ಜಾಗಕ್ಕೆ ಸೇರಿ. ನಾನು ಈಗ ಒಂದು ಕಂಪನಿಯ ಪ್ರೋಸೆಸ್ ವಿಭಾಗದಲ್ಲಿದ್ದೇನೆ, ಅಂದರೆ ತಯಾರಿಕೆಯ ವಿಧಾನ ಸುಧಾರಿಸುವ ಕಡೆ. ಪ್ರಶಸ್ತಿ ಇಲ್ಲ, ಹೋದ ವರ್ಷ ಒಂದು ಹಂತದಲ್ಲಿ ಟೊಲ್ವೀನ್ ಅನ್ನುವ ಸಾಲ್ವೆಂಟ್ ಬಳಕೆ ಅರ್ಧ ಮಾಡಿದೆವು, ಅವತ್ತು ಎಲ್ಲರಿಗೂ ಜಿಲೇಬಿ ಬಂತು. ಲ್ಯಾಬ್ ನೋಡಲು ಹೋದಾಗ ಮೂಲೆಯಲ್ಲಿ ಸಾಲ್ವೆಂಟ್ ವೇಸ್ಟ್ ಕ್ಯಾನ್ ಇರುತ್ತೆ. ಅದು ವಾರಕ್ಕೆ ಎಷ್ಟು ಸಲ ತುಂಬುತ್ತೆ ಅಂತ ಕೇಳಿ. ಗೈಡ್ ಹತ್ತಿರ ಬೇಡ, ಅದನ್ನು ಹೊರಗೆ ಹೊತ್ತು ಹಾಕುವ ಜೂನಿಯರ್ ಹುಡುಗರ ಹತ್ತಿರ.