ಜೋಳದ ರೊಟ್ಟಿ ಬಿಡಬೇಕಾಗಿಲ್ಲ

ಮಾನ್ಯರೇ, ದೇಹದಾರ್ಢ್ಯ ಸ್ಪರ್ಧೆ ಮುಗಿದ ಎರಡೇ ತಿಂಗಳಲ್ಲಿ ನಿಮ್ಮ ತೂಕ 72ರಿಂದ 80 ಕಿಲೋಗೆ ಏರಿದೆಯೆಂದೂ, ಕಲಬುರಗಿಯ ಮನೆಯೂಟದಲ್ಲೇ ಆಫ್ ಸೀಸನ್ (ಸ್ಪರ್ಧೆಗಳ ನಡುವೆ ಸ್ನಾಯು ಬೆಳೆಸುವ ಅವಧಿ) ನಡೆಸಬಹುದೇ ಎಂದೂ ಕೇಳಿದ್ದೀರಿ. ಖಂಡಿತ ನಡೆಸಬಹುದು, ಆದರೆ ಅಳತೆಯಿಲ್ಲದ ಊಟವನ್ನು ಇಂದೇ ನಿಲ್ಲಿಸಬೇಕು.

ಏರಿದ ಎಂಟು ಕಿಲೋದಲ್ಲಿ ಒಂದಷ್ಟು ನೀರಿದ್ದರೂ ಕೊಬ್ಬಿನ ಪಾಲು ಕಡಿಮೆಯೇನಲ್ಲ. ಆದ್ದರಿಂದ ಮೊದಲು ಕೆಲವು ವಾರ ತೂಕವನ್ನು ಇದ್ದಲ್ಲೇ ನಿಲ್ಲಿಸಿ, ಅನಂತರ ದಿನಕ್ಕೆ ಸುಮಾರು 300 ಕ್ಯಾಲೊರಿ ಮಾತ್ರ ಹೆಚ್ಚಿಸಿಕೊಂಡು, ವಾರಕ್ಕೆ 200ರಿಂದ 400 ಗ್ರಾಂಗಿಂತ ವೇಗವಾಗಿ ತೂಕ ಏರದಂತೆ ನೋಡಿಕೊಳ್ಳುವುದು ಒಳ್ಳೆಯದು. ಪ್ರೋಟೀನ್ ದಿನಕ್ಕೆ 130ರಿಂದ 175 ಗ್ರಾಂ ಸಾಕು.

ನಮ್ಮ ತೊಗರಿಬೇಳೆಯ 100 ಗ್ರಾಂನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ ನಿಜ, ಆದರೆ ಅದು ಒಣಬೇಳೆಯ ಲೆಕ್ಕ. ಒಂದು ಬಟ್ಟಲು ಗಟ್ಟಿ ಬ್ಯಾಳಿಗೆ ಐವತ್ತು ಗ್ರಾಂ ಬೇಳೆ ಬಿದ್ದರೆ ಸಿಗುವುದು ಹನ್ನೊಂದೇ ಗ್ರಾಂ. ಜೋಳದಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕ ಬೇಳೆಯಲ್ಲಿ ಧಾರಾಳವಾಗಿರುವುದರಿಂದ ರೊಟ್ಟಿ-ಬ್ಯಾಳಿಯ ಜೋಡಿ ಚೆನ್ನಾಗಿಯೇ ಇದೆ, ಉಳಿದದ್ದನ್ನು ಮೊಟ್ಟೆ, ಮೊಸರು, ಕೋಳಿಯಿಂದ ತುಂಬಿಸಿಕೊಳ್ಳಿ. ಶೇಂಗಾ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ಮಾತ್ರ ಪ್ರೋಟೀನೆಂದು ಎಣಿಸಬೇಡಿ (ನಾನು ವರ್ಷಗಟ್ಟಲೆ ಎಣಿಸಿದ್ದೆ). ಶೇಂಗಾದ ಅರ್ಧದಷ್ಟು ತೂಕ ಕೊಬ್ಬೇ, ಮೇಲೆ ಹಾಕಿಕೊಳ್ಳುವ ಎಣ್ಣೆ ಬೇರೆ.

ವ್ಯಾಯಾಮದಲ್ಲಿ ಪ್ರತಿ ಸ್ನಾಯುವಿಗೆ ವಾರಕ್ಕೆ ಎರಡು ಸಲ, ಒಟ್ಟು 10ರಿಂದ 20 ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದೊಂದು ಸುತ್ತು) ಇರಲಿ. ಏಪ್ರಿಲ್-ಮೇ ತಿಂಗಳ ನಲವತ್ತು ದಾಟುವ ಬಿಸಿಲಿನಲ್ಲಿ ಕಾಲಿನ ವ್ಯಾಯಾಮವನ್ನು ಬೆಳಗಿನ ಆರಕ್ಕೇ ಮುಗಿಸಿಬಿಡಿ. ಎರಡು ವಾರ ಪ್ರತಿದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಸರಾಸರಿಯನ್ನು ಇಲ್ಲಿ ಬರೆದರೆ ರೊಟ್ಟಿಯ ಸಂಖ್ಯೆಯನ್ನು ನಿಖರವಾಗಿ ಹೇಳಬಲ್ಲೆ.