ಟೆಲ್ಲೂರಿಯಂ ಗಣಿಗೆ ಕಾಫಿಯ ಹಣ ಹೂಡಬಹುದೇ?

ಪ್ರಶ್ನೆ: ಕಾಫಿಗೆ ಒಳ್ಳೆಯ ಬೆಲೆ ಬಂದಿದ್ದರಿಂದ ಸ್ವಲ್ಪ ಹಣ ಉಳಿದಿದೆ. ಹೊಸ ತಲೆಮಾರಿನ ಸೌರಫಲಕಗಳಿಗೆ ಟೆಲ್ಲೂರಿಯಂ, ಇಂಡಿಯಂ ಎಂಬ ಅಪರೂಪದ ಲೋಹಗಳು ಅನಿವಾರ್ಯ, ಚೀನಾ ರಫ್ತನ್ನು ಬಿಗಿಗೊಳಿಸಿದೆ, ಆದ್ದರಿಂದ ವಿದೇಶಿ ಗಣಿಯೊಂದರಲ್ಲಿ ಈಗಲೇ ಹಣ ತೊಡಗಿಸಿದರೆ ಲಾಭ ಖಚಿತ ಎಂದು ಪರಿಚಿತರೊಬ್ಬರು ಒತ್ತಾಯಿಸುತ್ತಿದ್ದಾರೆ. ನಂಬಬಹುದೇ?
– ಓದುಗರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಅವರು ಹೇಳಿದ್ದರಲ್ಲಿ ಸುದ್ದಿಯ ಭಾಗ ನಿಜ. ಚೀನಾ 2023ರ ಆಗಸ್ಟ್‌ನಲ್ಲಿ ಗ್ಯಾಲಿಯಂ, ಜರ್ಮೇನಿಯಂಗಳ ಮೇಲೆ, 2025ರ ಫೆಬ್ರುವರಿಯಲ್ಲಿ ಟೆಲ್ಲೂರಿಯಂ, ಇಂಡಿಯಂ ಮೊದಲಾದವುಗಳ ಮೇಲೆ ರಫ್ತು ನಿಯಂತ್ರಣ ಹೇರಿತು. ಭಾರತ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿಯೂ ಈ ನಾಲ್ಕೂ ಇವೆ. ಆದರೆ ಇದರಿಂದ ಲಾಭ ಖಚಿತವೆಂಬ ತೀರ್ಮಾನಕ್ಕೆ ಬರಲಾಗದು.

ಟೆಲ್ಲೂರಿಯಂನ ಬಹುಪಾಲು ಅದಕ್ಕೆಂದೇ ತೋಡಿದ ಗಣಿಯಿಂದ ಬರುವುದಿಲ್ಲ. ತಾಮ್ರವನ್ನು ವಿದ್ಯುತ್ ಹಾಯಿಸಿ ಶುದ್ಧೀಕರಿಸುವಾಗ ತೊಟ್ಟಿಯ ತಳದಲ್ಲಿ ಕೂರುವ ಕಪ್ಪು ಕೆಸರಿನಿಂದ ಅದನ್ನು ಬೇರ್ಪಡಿಸುತ್ತಾರೆ. ಇಂಡಿಯಂ ಹೀಗೆಯೇ ಸತುವಿನ ಜೊತೆಗೆ, ಗ್ಯಾಲಿಯಂ ಅಲ್ಯೂಮಿನಿಯಂ ಅದಿರಿನ ಸಂಸ್ಕರಣೆಯ ಜೊತೆಗೆ ಸಿಗುತ್ತವೆ. ಸಿಪ್ಪೆಗೆ ಬೆಲೆ ಏರಿತೆಂದು ಯಾರೂ ಹೊಸ ಕಾಫಿ ತೋಟ ಮಾಡುವುದಿಲ್ಲವಷ್ಟೇ? ಜಗತ್ತಿನ ತಾಮ್ರದ ಗಣಿಗಳ ವಾರ್ಷಿಕ ಉತ್ಪಾದನೆ 2 ಕೋಟಿ ಟನ್ನಿಗೂ ಹೆಚ್ಚಿದ್ದರೆ, ಟೆಲ್ಲೂರಿಯಂ ಸಾವಿರ ಟನ್ನಿನ ಆಸುಪಾಸಿನಲ್ಲಿದೆ. ಇಷ್ಟು ಕಿರಿದಾದ ಮಾರುಕಟ್ಟೆಯಲ್ಲಿ ಕೆಲವೇ ಖರೀದಿದಾರರ ನಿರ್ಧಾರದಿಂದ ಬೆಲೆ ಏರುಪೇರಾಗುತ್ತದೆ.

ಚೀನಾದ ಕುನ್‌ಮಿಂಗ್ ನಗರದ ಫಾನ್ಯಾ ಲೋಹ ವಿನಿಮಯ ಕೇಂದ್ರದ ಪ್ರಕರಣವನ್ನು ನೀವು ತಿಳಿದಿರಲೇಬೇಕು. ಅಪರೂಪದ ಲೋಹಗಳ ಬೆಲೆ ಏರುತ್ತಲೇ ಇರುತ್ತದೆಂಬ ಭರವಸೆಯ ಮೇಲೆ ಅದು ಸಾಮಾನ್ಯ ಜನರ ಹಣ ಸಂಗ್ರಹಿಸಿ, ಜಗತ್ತಿನ ಹಲವು ವರ್ಷಗಳ ಉತ್ಪಾದನೆಗೆ ಸಮನಾದ ಇಂಡಿಯಂ ದಾಸ್ತಾನು ಮಾಡಿತ್ತು. 2015ರಲ್ಲಿ ಹಣ ಮರಳಿಸಲಾಗದೆ ಕುಸಿದುಬಿದ್ದಾಗ ಎರಡು ಲಕ್ಷಕ್ಕೂ ಹೆಚ್ಚು ಹೂಡಿಕೆದಾರರು ಸಿಲುಕಿಕೊಂಡರು. ಲೋಹ ಉಗ್ರಾಣದಲ್ಲಿತ್ತು, ಆ ಬೆಲೆಗೆ ಕೊಳ್ಳುವವರಿರಲಿಲ್ಲ.

ತಂತ್ರಜ್ಞಾನವೂ ಒಂದೆಡೆ ನಿಲ್ಲುವುದಿಲ್ಲ. ಆನೆ ತಡೆಯಲು ಹಾಕಿದ ಸೋಲಾರ್ ಬೇಲಿಯ ಫಲಕವನ್ನು ಹತ್ತಿರದಿಂದ ನೋಡಿ: ಸಿಲಿಕಾನ್ ಬಿಲ್ಲೆಗಳ ಮೇಲೆ ಕೂದಲೆಳೆಯಂತೆ ಕಾಣುವ ಗೆರೆಗಳು ಬೆಳ್ಳಿಯವು. ಬೆಳ್ಳಿ ದುಬಾರಿಯಾದಂತೆ ತಯಾರಕರು ಆ ಗೆರೆಗಳನ್ನು ತೆಳುವಾಗಿಸಿದರು, ಈಗ ತಾಮ್ರವನ್ನು ಬಳಸಲು ಹೊರಟಿದ್ದಾರೆ. ಟೆಲ್ಲೂರಿಯಂ ಬೇಕಾಗುವುದು ಕ್ಯಾಡ್ಮಿಯಂ ಟೆಲ್ಲುರೈಡ್ ಫಲಕಗಳಿಗೆ, ಅದೂ ಕೆಲವೇ ಮೈಕ್ರಾನ್ ದಪ್ಪದ ಪದರಕ್ಕೆ. ಬಹು ನಿರೀಕ್ಷೆಯ ಪೆರೊವ್‌ಸ್ಕೈಟ್ ಎಂಬ ಹೊಸ ಬಗೆಯ ಸೌರಫಲಕದ ಪದರದಲ್ಲಿ ಇರುವುದು ಮುಖ್ಯವಾಗಿ ಸೀಸ ಮತ್ತು ಅಯೋಡಿನ್.

ಪೂರೈಕೆಯ ಆತಂಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2025ರ ಜನವರಿಯಲ್ಲಿ ಕೇಂದ್ರ ಸರ್ಕಾರ 16,300 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ನೀಡಿದ್ದು, ಗಣಿ ತ್ಯಾಜ್ಯದಿಂದ ಖನಿಜ ಪಡೆಯುವುದೂ ಅದರ ಉದ್ದೇಶಗಳಲ್ಲಿ ಸೇರಿದೆ. ಆದರೆ ನಿಕ್ಷೇಪ ಪತ್ತೆಯಾದ ಮೇಲೂ ಗಣಿ ಉತ್ಪಾದನೆಗೆ ಬರಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಮುಂದಿನ ಕೊಯ್ಲಿಗೆ, ಕೂಲಿಗೆ, ಗೊಬ್ಬರಕ್ಕೆ ಬೇಕಾದ ಹಣ ಅಷ್ಟು ಕಾಲ ಅಲ್ಲಿ ಸಿಲುಕಬಾರದು. ಆ ಪರಿಚಿತರನ್ನು ಮೊದಲು ಕೇಳಿ: ಆ ಗಣಿಯ ಮುಖ್ಯ ಲೋಹ ಯಾವುದು? ಕಂಪನಿ ಯಾವ ಷೇರುಪೇಟೆಯಲ್ಲಿದೆ? ಹಣ ಪಡೆಯುವವರಿಗೆ ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಸೆಬಿಯ ನೋಂದಣಿ ಇದೆಯೇ? ಉತ್ತರ ಬರಹದಲ್ಲಿ ಬಾರದಿದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ.